ಮಾಸ್ತಿಕಲ್ಲಿನ ಪಕ್ಕದ ಮನೆ

ನಾನು ಮದುವೆಯಾಗಿ ಹೋದ ಮನೆ ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ, ಶ್ರೀಗಂಧದ ಕಾವಲಿನ ಕಡೆಯ ಒಂದು ಹಳೇ ಬೀದಿಯಲ್ಲಿತ್ತು. ಸುತ್ತ ಅಳತೆ ಹಿಡಿದು ಕೊರೆದಂಥ ಬಡಾವಣೆಗಳು ಎದ್ದಿದ್ದರೂ ಆ ಬೀದಿ ಹಳ್ಳಿಯ ಅಂಕುಡೊಂಕನ್ನು ಬಿಟ್ಟಿರಲಿಲ್ಲ. ನಮ್ಮ ಗೇಟಿನ ಎಡಕ್ಕೆ, ಮೋರಿಗೆ ಒತ್ತಿಕೊಂಡು, ಸೊಂಟದೆತ್ತರದ ಒಂದು ಕಲ್ಲು ವಾಲಿ ನಿಂತಿತ್ತು. ಬೆಳಿಗ್ಗೆ ಹಾಲಿನವನು ಅದಕ್ಕೆ ಕ್ರೇಟ್ ಒರಗಿಸುತ್ತಿದ್ದ. ನನ್ನ ಗಂಡ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ಟನ್ನು ಅದರ ತಲೆಯ ಮೇಲಿಡುತ್ತಿದ್ದರು. ಅದರಲ್ಲಿ ಕೈಯಂಥದ್ದೇನೋ ಕಾಣುತ್ತಿದ್ದುದರಿಂದ ಬೀದಿಯವರು ಅದನ್ನು ಕೈಕಲ್ಲು ಅನ್ನುತ್ತಿದ್ದರು. ವಿಳಾಸ ಹೇಳುವಾಗ, "ಕೈಕಲ್ಲಿನ ಹತ್ರ ಬಂದು ಫೋನ್ ಮಾಡಿ" ಅಂದರೆ ಸಾಕಾಗುತ್ತಿತ್ತು. ಅದಕ್ಕೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಇರಲಿಲ್ಲ.

ಒಂದು ಭಾನುವಾರ ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ಓಡಾಡುವ ಗುಂಪೊಂದು ನಮ್ಮ ಬೀದಿಗೆ ಬಂತು. ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು, ಅವರ ಹಿಂದೆ ಕ್ಯಾಮೆರಾ ಹಿಡಿದ ಕಾಲೇಜಿನ ಒಂದಷ್ಟು ಹುಡುಗ ಹುಡುಗಿಯರು. ಕಲ್ಲು ತೊಳೆಯಲು ನೀರು ಬೇಕು ಅಂದರು. ಕೊಡದಲ್ಲಿ ನೀರು, ತೆಂಗಿನ ನಾರು ತಂದು ಕೊಟ್ಟೆ. ಅವರು ಉಜ್ಜುವ ರೀತಿ ನೋಡಲಾಗದೆ ನಾನೇ ಸೆರಗು ಸಿಕ್ಕಿಸಿಕೊಂಡು ಕೂತೆ. ಎಣ್ಣೆಯ ಜಿಡ್ಡು, ಸುಣ್ಣ, ಮೋರಿಯ ಕೆಸರು ಎಲ್ಲ ಬಿಟ್ಟ ಮೇಲೆ ಒಂದು ಕಂಬ ಕಂಡಿತು. ಕಂಬದಿಂದ ಹೊರಟ ಹೆಂಗಸಿನ ಬಲಗೈ, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ್ದು. ಮಣಿಕಟ್ಟಿನ ತುಂಬ ಬಳೆ. ಬೆರಳುಗಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಮೇಲೆ ಸೂರ್ಯ, ಚಂದ್ರ.

"ಮಾಸ್ತಿಕಲ್ಲು ಕಣಮ್ಮ ಇದು" ಅಂದರು ಆ ಹಿರಿಯರು. "ಗಂಡ ಸತ್ತಾಗ ಜೊತೆಗೇ ಬೆಂಕಿಗೆ ಹೋದವಳ ನೆನಪಿಗೆ ನಿಲ್ಸಿರೋದು. ಬಳೆ ನೋಡಿ, ಕೊನೇವರೆಗೂ ಮುತ್ತೈದೆ ಅಂತ ಅದರ ಅರ್ಥ."

"ಯಾರು ಅಂತ ಗೊತ್ತಾಗುತ್ತಾ ಸಾರ್?"

"ಅಕ್ಷರ ಇಲ್ವಲ್ಲಮ್ಮ. ಯಾರೋ ಏನೋ."

ನಾನು ಆಗ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಬಾಗಿಲಲ್ಲೇ ಇಂಥದ್ದೊಂದು ಇದೆ ಅಂತ ಹೆಮ್ಮೆಯಾಯಿತು. ಮರುದಿನ ತರಗತಿಯಲ್ಲೂ ಹೇಳಿದೆ. ಕೆಲವು ವಾರ ಕಳೆದ ಮೇಲೆ ಅವರು ಮತ್ತೆ ಬಂದು ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ, ಪಕ್ಕದಲ್ಲಿ ಎರಡು ಕಬ್ಬಿಣದ ಕಾಲಿನ ಮೇಲೆ ನೀಲಿ ಫಲಕವೊಂದನ್ನು ನೆಟ್ಟು ಹೋದರು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್.

ಅವತ್ತು ಸಂಜೆ ಅತ್ತೆ ಗೇಟಿನ ಹತ್ತಿರ ಬಂದು ನಿಂತರು. ಅವರಿಗೆ ಓದು ಬರುತ್ತಿರಲಿಲ್ಲ. "ಏನ್ ಬರ್ದವ್ರೆ ಓದೇ" ಅಂದರು. ಓದಿದೆ. ಗಂಡನೊಡನೆ ಚಿತೆಯೇರಿದ ಪತಿವ್ರತೆ, ಅವಳ ತ್ಯಾಗಕ್ಕೆ ಊರವರು ಸಲ್ಲಿಸಿದ ಗೌರವ, ಹೀಗೆ ಇತ್ತು ಆ ಬರಹ. ಅತ್ತೆ ಇನ್ನೊಂದು ಸಲ ಓದಿಸಿದರು. ನನ್ನ ಗಂಡ ಕೆಲಸದಿಂದ ಆಗ ತಾನೇ ಬಂದವರು, ಕಾರಿನ ಎ.ಸಿ. ರಿಪೇರಿ ಮಾಡಿದ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ನಿಂತಿದ್ದರು.

"ಏನೇ, ನೀನೂ ಹಿಂಗೇ ಬರ್ತೀಯಾ ನನ್ನ ಜೊತೆ?" ಅಂದರು.

"ನಾನಾ? ಹನ್ನೊಂದನೇ ದಿನದ ಊಟ ಮುಗಿಸ್ಕೊಂಡು ಗೋವಾಗೆ ಟಿಕೆಟ್ ಮಾಡಿಸ್ತೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಿಬ್ಬರ ಮಾತು ಯಾವಾಗಲೂ ಹಾಗೆಯೇ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ, ಮನೆಯಲ್ಲಿ ಗಲಾಟೆ ಮಾಡುವುದಕ್ಕೆ ನಾವಿಬ್ಬರೇ. ಅತ್ತೆ ನಗಲಿಲ್ಲ. ಫಲಕವನ್ನೇ ನೋಡುತ್ತ ನಿಂತಿದ್ದರು. ಕೇಳಿಸಿಕೊಂಡಿಲ್ಲವೇನೋ ಅಂದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಂಡ ತೀರಿಕೊಂಡರು. ಬೆಳಿಗ್ಗೆ ತಿಂಡಿ ತಿಂದ ಮೇಲೆ ಎದೆಯಲ್ಲಿ ಏನೋ ಹಿಡಿದ ಹಾಗೆ ಇದೆ ಅಂದರು. ಗ್ಯಾಸ್ ಇರಬೇಕು ಅಂತ ಮೂಲೆ ಅಂಗಡಿಗೆ ಹೋಗಿ ಸೋಡಾಕ್ಕೆ ನಿಂಬೆ ಹಿಂಡಿಸಿಕೊಂಡು ಕುಡಿದು ಬಂದರು. ಬಂದವರು ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ತಲೆ ನನ್ನ ಹೆಗಲ ಮೇಲೆ ಭಾರವಾಗಿತ್ತು. ಡಾಕ್ಟರು ನೋಡಿ, ಇನ್ನು ಏನೂ ಇಲ್ಲ ಅಂದರು. ಅವರಿಗೆ ನಲವತ್ತೆರಡು ವರ್ಷ.

ಅತ್ತೆ ಮೊದಲ ದಿನಗಳಲ್ಲಿ ಅತ್ತರು, ಎಲ್ಲ ತಾಯಂದಿರ ಹಾಗೆಯೇ. ನಾನು ಅವರ ಬೆನ್ನು ಸವರಿದ್ದೇನೆ, ಅವರು ನನ್ನ ಕೈ ಹಿಡಿದುಕೊಂಡಿದ್ದಾರೆ. ಅದೂ ನಿಜ. ಹನ್ನೊಂದನೇ ದಿನದ ಕಾರ್ಯ ಮುಗಿದು, ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದರು. ನಾನು ಒಳಗಿನ ಕೋಣೆಯ ಬಾಗಿಲಿಗೆ ಒರಗಿ ಕೂತಿದ್ದೆ. ಅತ್ತೆ ಪಾಯಸದ ಸಾಲನ್ನು ನೋಡಿಕೊಳ್ಳುತ್ತಿದ್ದವರು ನಿಂತು, ಎಲ್ಲರಿಗೂ ಕೇಳುವ ಹಾಗೆ, ಸಮಾಧಾನದ ದನಿಯಲ್ಲಿ ಕೇಳಿದರು:

"ಗೋವಾಗೆ ಟಿಕೆಟ್ ಮಾಡ್ಸಿದ್ಯಾ?"

ನೆಂಟರಿಗೆ ಅರ್ಥವಾಗಲಿಲ್ಲ. ಅತ್ತೆ ಅರ್ಥ ಮಾಡಿಸಿದರು. ನನ್ನ ಗಂಡನ ಪ್ರಶ್ನೆ, ನನ್ನ ಉತ್ತರ, ಒಂದು ಮಾತೂ ಬಿಡದೆ. ನಗು ಒಂದನ್ನು ಬಿಟ್ಟಿದ್ದರು. ನಗುವಿಲ್ಲದೆ ಆ ಮಾತು ಹೇಗೆ ಕೇಳಿಸುತ್ತದೆ ಅನ್ನುವುದನ್ನು ನಾನು ಅವತ್ತು ಕೇಳಿದೆ. ಎಲೆಯ ಮುಂದಿದ್ದ ನನ್ನ ಚಿಕ್ಕತ್ತೆಯೊಬ್ಬರು ಕೈಯಲ್ಲಿದ್ದ ತುತ್ತನ್ನು ಇಳಿಸಿ ನನ್ನ ಕಡೆ ತಿರುಗಿ ನೋಡಿದರು. "ತಮಾಷೆಗೆ ಅಂದಿದ್ದು" ಅಂದೆ. "ತಮಾಷೆಗೂ ಬಾಯಲ್ಲಿ ಬರಬಾರದು" ಅಂದರು ಅವರು.

ಅದಾದ ಮೇಲೆ ಅತ್ತೆ ಕಲ್ಲಿನ ಕಡೆ ತಿರುಗಿದರು. ಶುಕ್ರವಾರ ಬೆಳಿಗ್ಗೆ ಎದುರುಮನೆಯ ಸೊಸೆಯಿಂದ ಅದಕ್ಕೆ ನೀರು ಹಾಕಿಸಿ, ಅರಿಶಿನ ಕುಂಕುಮ ಇಡಿಸಿ, ಹೂವು ಏರಿಸಿದರು. ಮುಂದಿನ ಶುಕ್ರವಾರ ನಾಲ್ಕು ಜನ ಬಂದರು. ಆಮೇಲೆ ಹಿಂದಿನ ಬೀದಿಯವರೂ ಬರತೊಡಗಿದರು. ಅತ್ತೆ ತಾವು ಕಲ್ಲನ್ನು ಮುಟ್ಟುತ್ತಿರಲಿಲ್ಲ. ಅವರೂ ಗಂಡ ಸತ್ತವರು. ನನ್ನ ಗಂಡ ಕೂಸಾಗಿದ್ದಾಗಲೇ ಮಾವ ಲಾರಿಯಡಿಗೆ ಸಿಕ್ಕಿ ತೀರಿಹೋಗಿದ್ದರು. ಆದರೆ ಅವರ ವೈಧವ್ಯ ಹಳೆಯದಾಗಿ ಬೀದಿಗೆ ಮರೆತೇ ಹೋಗಿತ್ತು. ನನ್ನದು ಹೊಸದು. ಅವರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಕಥೆ ಹೇಳುತ್ತಿದ್ದರು.

ಮೊದಮೊದಲು ಕಥೆ ಫಲಕದಲ್ಲಿ ಇದ್ದಷ್ಟೇ ಇತ್ತು. ವಾರದಿಂದ ವಾರಕ್ಕೆ ಬೆಳೆಯಿತು. ಅವಳು ನಗುನಗುತ್ತ ಹೋದಳು ಅಂತ ಸೇರಿತು. ಬೆಂಕಿಯಲ್ಲೂ ಕೈ ಎತ್ತಿ ಹರಸಿದಳು, ಅದಕ್ಕೇ ಕೈ ಹಾಗಿದೆ ಅಂತ ಸೇರಿತು. ಕೊನೆಗೆ ಒಂದು ಶುಕ್ರವಾರ ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿಸಿತು: "ನಮ್ಮನೆ ಸೊಸೆನೇ ಅವ್ಳು. ನಮ್ಮ ವಂಶದೋಳು. ಅದಕ್ಕೇ ನಮ್ಮ ಬಾಗ್ಲಲ್ಲಿ ಅವ್ಳೆ." ಆಮೇಲೆ ನನ್ನ ಕಡೆ ನೋಡದೆ, "ನಮ್ಮನೇಲಿ ಅಂಥ ಸೊಸೇನೂ ಇದ್ಳು" ಅಂದರು. ಹೆಂಗಸರೆಲ್ಲ ನನ್ನನ್ನು ನೋಡಿದರು. ನಾನು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಅವರ ನಡುವೆಯೇ ದಾಟಿ ಹೋಗಬೇಕಾಗಿತ್ತು. ಹೋದೆ. ಒಬ್ಬಳು ತನ್ನ ಸೀರೆಯ ನೆರಿಗೆಯನ್ನು ಈಚೆಗೆ ಎಳೆದುಕೊಂಡಳು.

ಫಲಕ ಹಾಕಿಸಿದ ಹಿರಿಯರು ಒಮ್ಮೆ ನೋಡಿಹೋಗಲು ಬಂದರು. ಕಲ್ಲಿಗೆ ಪೂಜೆ ಆಗುತ್ತಿರುವುದು ಕಂಡು ಅವರಿಗೆ ಸಂತೋಷವೇ ಆಯಿತು. ಇನ್ನು ಯಾರೂ ಕಿತ್ತು ಬಿಸಾಕುವುದಿಲ್ಲ ಅಂದರು. ಅತ್ತೆ ಅವರನ್ನು ಕೇಳಿದರು, ಇವಳು ನಮ್ಮ ವಂಶದವಳೇ ಅಲ್ಲವೇ ಅಂತ. ಅವರು ಕಾಫಿ ಲೋಟ ಹಿಡಿದುಕೊಂಡು ಒಂದು ಗಳಿಗೆ ಯೋಚಿಸಿ, "ಇರಬಹುದಮ್ಮ. ಇಲ್ಲ ಅನ್ನೋಕೆ ಆಧಾರ ಇಲ್ಲ" ಅಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಮುಖ ನೋಡಿದೆ. ಒಳ್ಳೆಯ ಮನುಷ್ಯ. ಕಾಫಿ ಚೆನ್ನಾಗಿದೆ ಅಂತಲೂ ಹೇಳಿ ಹೋದರು.

ನನ್ನನ್ನು ಕಲ್ಲಿನ ಹತ್ತಿರ ಬಿಡುತ್ತಿರಲಿಲ್ಲ. ಮನೆಯ ಮುಂದೆ ಗುಡಿಸುವಾಗ ಪೊರಕೆ ಆ ಕಡೆ ಹೋದರೆ ಅತ್ತೆ ಒಳಗಿನಿಂದಲೇ, "ಅದನ್ನ ಮುಟ್ಬೇಡ, ಬೇರೆಯವ್ರು ಗುಡಿಸ್ತಾರೆ" ಅನ್ನುತ್ತಿದ್ದರು. ಕುಂಕುಮದ ತಟ್ಟೆ ಹಿಡಿದು ಎದುರುಮನೆಯ ಸೊಸೆ ಸಾಲಾಗಿ ಬರುವಾಗ ನನ್ನ ಮುಂದೆ ಕೈ ಹಿಂತೆಗೆದುಕೊಂಡು ಮುಂದಿನವಳಿಗೆ ಇಡುತ್ತಿದ್ದಳು. ಅವಳ ಮಗಳಿಗೆ ನಾನು ಸಂಜೆ ಪಾಠ ಹೇಳಿಕೊಟ್ಟವಳು. ಆ ಹುಡುಗಿ ಬೆಳೆದು ಅವಳ ನಿಶ್ಚಿತಾರ್ಥ ಗೊತ್ತಾದಾಗ ತಾಯಿಯೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸ್ವೀಟಿನ ಡಬ್ಬ ಇತ್ತು.

"ಮಿಸ್, ತಪ್ಪು ತಿಳ್ಕೋಬೇಡಿ. ನಾಳೆ ಬೆಳಿಗ್ಗೆ ನಾವು ಛತ್ರಕ್ಕೆ ಹೊರಡೋವಾಗ ಸ್ವಲ್ಪ ಒಳಗೇ ಇರ್ತೀರಾ? ನಂಗೇನೂ ಇಲ್ಲ ಮಿಸ್. ಗಂಡಿನ ಕಡೆಯೋರು ಬಂದಿರ್ತಾರೆ."

"ನಿಮ್ಮ ಮಗಳಿಗೆ ಗೊತ್ತಾ ನೀವು ಹೀಗೆ ಕೇಳ್ತಿರೋದು?"

"ಅವಳೇ ಕೇಳ್ಕೊಂಡು ಬಾ ಅಂದ್ಲು."

ಮರುದಿನ ಶಾಲೆಗೆ ರಜ ಹಾಕಿ ಒಳಗೆ ಕೂತೆ. ಹೊರಗೆ ಕಾರುಗಳ ಬಾಗಿಲು ಹಾಕುವ ಸದ್ದು, ಯಾರೋ ಹೂವಿನ ಬುಟ್ಟಿ ಮರೆತೆವೆಂದು ಓಡಿ ಬಂದ ಸದ್ದು, ಆ ಹುಡುಗಿಯ ನಗು ಎಲ್ಲ ಕೇಳಿಸುತ್ತಿತ್ತು. ಅವರು ಹೋದ ಮೇಲೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಅತ್ತೆ ಬಂದು, "ಇನ್ ಬಾ ಈಚೆಗೆ, ಹೋದ್ರು" ಅಂದರು. ಅವರ ದನಿಯಲ್ಲಿ ದ್ವೇಷ ಇರಲಿಲ್ಲ. ಮಳೆ ನಿಂತಿತು ಅನ್ನುವ ಹಾಗೆ ಹೇಳಿದರು.

ಯಾಕೆ ಅಲ್ಲೇ ಇದ್ದೆ ಅಂತ ಆಮೇಲೆ ಹಲವರು ಕೇಳಿದ್ದಾರೆ. ಆ ಮನೆಯಲ್ಲಿ ಅವರ ಅಂಗಿಗಳಿದ್ದವು. ಬಚ್ಚಲಿನ ಗೂಡಿನಲ್ಲಿ ಅವರ ಶೇವಿಂಗ್ ಬ್ರಷ್ ಇತ್ತು. ಸಾಯುವ ಮುಂಚೆ ಅರ್ಧ ಬಿಚ್ಚಿಟ್ಟ ಟೇಬಲ್ ಫ್ಯಾನು ಹಾಗೇ ಇತ್ತು. ಅದನ್ನೆಲ್ಲ ಬಿಟ್ಟು ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. ಅಷ್ಟೇ.

ಮನಸ್ಸಾದದ್ದು ಒಂದು ಶುಕ್ರವಾರದ ಸಂಜೆ. ಶ್ರಾವಣದ ದಿನಗಳು, ಬೆಳಗಿನ ಪೂಜೆಯ ಜೊತೆ ಸಂಜೆಯೂ ಆರತಿ ಇಟ್ಟುಕೊಂಡಿದ್ದರು. ನಾನು ಶಾಲೆಯಿಂದ ಬಂದಾಗ ಗೇಟಿನ ಮುಂದೆ ಹೆಂಗಸರು ತುಂಬಿದ್ದರು. ದಾರಿ ಬಿಡಿ ಅಂತ ಕೇಳಿಕೊಂಡು ಒಳಗೆ ಹೋಗಲು ಹೊರಟೆ. ಅತ್ತೆ ಕುರ್ಚಿಯಿಂದಲೇ, ಹೊಸದಾಗಿ ಬಂದಿದ್ದ ಯಾರಿಗೋ ನನ್ನನ್ನು ತೋರಿಸಿ ಹೇಳಿದರು: "ಇವ್ಳೇ ನನ್ನ ಸೊಸೆ. ನನ್ನ ಮಗ ಹೋದ. ಇವ್ಳು ಚೆನ್ನಾಗವ್ಳೆ. ಇಸ್ಕೂಲಿಗೆ ಹೋಯ್ತಾಳೆ, ಬತ್ತಾಳೆ, ಉಣ್ತಾಳೆ. ಆ ತಾಯಿಗೆ ಒಂದಿನ ಇರಕ್ಕಾಗ್ಲಿಲ್ಲ ನೋಡು."

ನಾನು ನಿಂತೆ. ಅದುವರೆಗೂ ಒಂದು ಮಾತಿಗೂ ಎದುರಾಡಿರಲಿಲ್ಲ. ಅವತ್ತು ಕೇಳಿದೆ.

"ಅತ್ತೆ, ಮಾವ ಹೋದಾಗ ನಿಮಗೆ ಎಷ್ಟು ವಯಸ್ಸು?"

"ಇಪ್ಪತ್ತೆರಡು. ಯಾಕೆ?"

"ನೀವ್ಯಾಕೆ ಹೋಗಲಿಲ್ಲ?"

ಆರತಿ ತಟ್ಟೆ ಹಿಡಿದಿದ್ದ ಎದುರುಮನೆಯವಳು ಬಾಯಿಗೆ ಕೈ ಇಟ್ಟುಕೊಂಡಳು. ಅತ್ತೆ ಸಿಟ್ಟಾಗುತ್ತಾರೆ, ಕೂಗಾಡುತ್ತಾರೆ, ಇಲ್ಲ ಅತ್ತುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಯಾವುದನ್ನೂ ಮಾಡಲಿಲ್ಲ. ಈ ಪ್ರಶ್ನೆಗೆ ಬಹಳ ದಿನದಿಂದ ಉತ್ತರ ಇಟ್ಟುಕೊಂಡು ಕಾದಿದ್ದವರ ಹಾಗೆ ನನ್ನ ಮುಖವನ್ನೇ ನೋಡಿದರು.

"ನಂಗೆ ಕಂಕುಳಲ್ಲಿ ಮಗ ಇದ್ದ, ಹೊಟ್ಟೇಲಿ ಮಗಳಿದ್ಲು. ಅವ್ರಿಗೋಸ್ಕರ ಉಳ್ಕೊಂಡೆ. ನೀನ್ ಯಾರಿಗೋಸ್ಕರ ಉಳ್ಕೊಂಡಿದೀಯ?"

ಇಷ್ಟು ಹೆಂಗಸರಲ್ಲಿ ಒಬ್ಬಳಾದರೂ, ಹಾಗನ್ನಬೇಡಿ ಅಮ್ಮ ಅನ್ನುತ್ತಾಳೆ ಅಂತ ಕಾದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ ನಿಧಾನವಾಗಿ ತಲೆಯಾಡಿಸಿದಳು, ಹೌದಲ್ಲ ಅನ್ನುವ ಹಾಗೆ. ಆಮೇಲೆ ಯಾರೋ ಕೋಸಂಬರಿಯ ಪಾತ್ರೆಯ ಮುಚ್ಚಳ ತೆಗೆದರು, ಎಲೆ ಹಂಚಿದರು, ಮಾತು ಶುರುವಾಯಿತು. ನಾನು ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಮಕ್ಕಳ ಉತ್ತರಪತ್ರಿಕೆ ತಿದ್ದಿದೆ. ಎಲ್ಲವನ್ನೂ ತಿದ್ದಿ ಮುಗಿಸಿದ ಮೇಲೆ ಕೆಂಗೇರಿಯಲ್ಲಿದ್ದ ನನ್ನ ಅಣ್ಣನಿಗೆ ಫೋನ್ ಮಾಡಿದೆ.

ಭಾನುವಾರ ಅಣ್ಣ ಗೂಡ್ಸ್ ಆಟೋ ತಂದ. ಎರಡು ಸೂಟ್‌ಕೇಸು, ಪುಸ್ತಕದ ಡಬ್ಬಗಳು, ಒಂದು ಕಬ್ಬಿಣದ ಮಂಚ. ಗಂಡನ ಅಂಗಿಗಳನ್ನು ಮಡಿಸಿ ಚೀಲಕ್ಕೆ ಹಾಕಿದ್ದೆ. ಅತ್ತೆ ಚೀಲದಿಂದ ಒಂದೊಂದಾಗಿ ಹೊರಗೆ ತೆಗೆದರು. "ನನ್ನ ಮಗಂದು" ಅಂದರು. ಅಣ್ಣ ಏನೋ ಹೇಳಲು ಹೋದ, ನಾನು ಬೇಡ ಅಂದೆ. ಒಂದು ಅಂಗಿಯನ್ನಾದರೂ ಕೊಡುತ್ತಾರೇನೋ ಅಂತ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಕೊಡಲಿಲ್ಲ. ಆಟೋ ಹೊರಡುವಾಗ ಗೇಟಿಗೆ ಬಂದು, ಎದುರುಮನೆಯವರಿಗೆ ಕೇಳುವ ಹಾಗೆ ಕೂಗಿ ಹೇಳಿದರು: "ಎಲ್ರೂ ನೋಡ್ಕಳಿ. ನಾನ್ ಕಳಿಸ್ತಾ ಇಲ್ಲ. ಅವ್ಳೇ ಹೋಯ್ತಾವ್ಳೆ."

ಅಣ್ಣನ ಮನೆಯಲ್ಲಿ ಸ್ವಲ್ಪ ದಿನ ಇದ್ದು, ಆಮೇಲೆ ಕೆಂಗೇರಿ ಉಪನಗರದಲ್ಲಿ ಒಂದು ಸಣ್ಣ ಮನೆ ಹಿಡಿದೆ. ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಾರಿಗೂ ನನ್ನ ಹಿಂದಿನದು ಗೊತ್ತಿರಲಿಲ್ಲ. ನಾನು ಸಣ್ಣದೊಂದು ಬಿಂದಿ ಇಟ್ಟುಕೊಳ್ಳುತ್ತಿದ್ದೆ, ಮಕ್ಕಳು ಹುಟ್ಟುಹಬ್ಬಕ್ಕೆ ಚಾಕೊಲೇಟ್ ತಂದು ಮೊದಲು ನನಗೇ ಕೊಡುತ್ತಿದ್ದರು. ಮೊದಲ ಸಲ ಹಾಗೆ ಕೊಟ್ಟಾಗ ತೆಗೆದುಕೊಳ್ಳಲು ತಡಮಾಡಿದೆ. "ಯಾಕ್ ಮಿಸ್, ಶುಗರ್ ಇದೆಯಾ?" ಅಂತ ಆ ಹುಡುಗಿ ಕೇಳಿದಳು.

ಒಂದು ವರ್ಷದ ಮೇಲೆ ನನ್ನ ನಾದಿನಿ ಫೋನ್ ಮಾಡಿದಳು. ಅವಳ ಮನೆ ಬಾಪೂಜಿ ನಗರದಲ್ಲಿ, ಇಕ್ಕಟ್ಟಾದ ಅಡ್ಡರಸ್ತೆಯ ಮೂರನೇ ಮಹಡಿ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಅವಳ ಮನೆಯಲ್ಲಿದ್ದರು. ಹಳೇ ಮನೆಯನ್ನು ಫುಡ್ ಡೆಲಿವರಿ ಮಾಡುವ ಉತ್ತರ ಕರ್ನಾಟಕದ ಹುಡುಗರಿಗೆ ಬಾಡಿಗೆಗೆ ಕೊಟ್ಟಾಗಿತ್ತು. ಅತ್ತೆ ಬಿದ್ದ ಮೇಲೆ ಕಲ್ಲಿನ ಪೂಜೆಗೆ ಯಾರೂ ಬರುತ್ತಿಲ್ಲವಂತೆ. ಕಥೆ ಹೇಳುವವರು ಇಲ್ಲದಿದ್ದರೆ ಯಾರು ಬರುತ್ತಾರೆ. ಫಲಕದ ಮೇಲೆ ಯಾರೋ ಪಿ.ಜಿ. ಜಾಹೀರಾತು ಅಂಟಿಸಿದ್ದಾರಂತೆ.

"ಅಮ್ಮ ನಿಮ್ಮನ್ನ ಕೇಳ್ತಾ ಇದಾರೆ ಅತ್ತಿಗೆ" ಅಂದಳು. ಹೋದೆ.

ನಡುಮನೆಯಲ್ಲಿ ಟಿ.ವಿ.ಯ ಎದುರು ದಿವಾನದ ಮೇಲೆ ಅತ್ತೆ ಮಲಗಿದ್ದರು. ಮೊದಲು ಗುರುತೇ ಹತ್ತಲಿಲ್ಲ. ನಾನು ಕಂಡಾಗಿನಿಂದ ಅವರ ಕೂದಲು ಮಂಡಿಯವರೆಗೆ ಇತ್ತು, ಆ ವಯಸ್ಸಿನಲ್ಲೂ. ಗಂಡ ಸತ್ತಾಗ ಮಾವನ ಕಡೆಯ ಮುದುಕಿಯೊಬ್ಬಳು ಕತ್ತರಿಸಿ ಹಾಕಲು ಬಂದರೆ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ ಅಂತ ಅವರೇ ಹೇಳಿದ್ದರು. ಈಗ ತಲೆಯ ಮೇಲೆ ಬೆರಳಗಲದ ಬಿಳಿ ಕೂದಲು ಮೊಂಡುಮೊಂಡಾಗಿ ನಿಂತಿತ್ತು.

"ಮಲ್ಗಿದ್ ಕಡೆ ಬಾಚಕ್ಕಾಗಲ್ಲ ಅತ್ತಿಗೆ. ಹೇನಾಗುತ್ತೆ. ಅದಕ್ಕೇ ನಾನೇ ಟ್ರಿಮ್ಮರ್ ಹಾಕ್ಬಿಟ್ಟೆ" ಅಂದಳು ನಾದಿನಿ. "ಎರಡು ದಿನ ಊಟ ಬಿಟ್ಟಿದ್ರು. ಆಮೇಲೆ ಸರಿಹೋದ್ರು."

ಅವಳು ಅಡುಗೆಮನೆಗೆ ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಕರ್ಕೊಂಡ್ ಹೋಗೇ. ಇಲ್ಲಿ ಅಳಿಯ ನಾನಿರೋ ಕಡೆ ಮೂಗು ಮುಚ್ಕೊಂಡ್ ಓಡಾಡ್ತಾನೆ. ನೀನಾದ್ರೆ ನೋಡ್ಕೋತೀಯ. ನಿನ್ ಕೈ ನಂಗೆ ಗೊತ್ತು."

ನನಗೆ ಮರುಕ ಹುಟ್ಟಿತು, ಇಲ್ಲ ಅನ್ನುವುದಿಲ್ಲ. ಅದರ ಜೊತೆಗೇ ಇನ್ನೊಂದು ಕೂಡ ಹುಟ್ಟಿತು. ಆ ಮೊಂಡು ತಲೆಯನ್ನು ನೋಡಲು ನನಗೆ ಬೇಸರವಾಗಲಿಲ್ಲ. ಬೇಕೆಂದೇ ಇನ್ನೊಂದಿಷ್ಟು ಹೊತ್ತು ನೋಡಿದೆ.

"ಆಗಲ್ಲ ಅತ್ತೆ" ಅಂದೆ.

ಮೆಟ್ಟಿಲಿಳಿಯುವಾಗ ನಾದಿನಿ ಹಿಂದೆಯೇ ಬಂದಳು. "ನೀವು ಒಬ್ರೇ ಇದೀರಲ್ಲ ಅತ್ತಿಗೆ. ಒಂದು ಮೂಲೇಲಿ ಇರ್ತಾರೆ. ಇಲ್ಲ ಅನ್ನೋಕೆ ಹೆಂಗೆ ಮನಸ್ಸು ಬರುತ್ತೆ?"

"ಬರುತ್ತೆ" ಅಂದೆ.

ಆದರೂ ಹೋಗುವುದನ್ನು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೆಟ್ರೋ ಹತ್ತಿ, ಇಳಿದು, ದಾರಿಯಲ್ಲಿ ಮೋಸಂಬಿ ತೆಗೆದುಕೊಂಡು ಹೋಗುತ್ತೇನೆ. ಅಣ್ಣ, ದೊಡ್ಡ ಮನಸ್ಸು ನಿಂದು ಅನ್ನುತ್ತಾನೆ. ಅವನಿಗೆ ಗೊತ್ತಿಲ್ಲ. ನಾನು ಬರುವ ದಿನ ಅತ್ತೆ ಬೆಳಿಗ್ಗೆಯೇ ಮಗಳಿಂದ ಮುಖ ತೊಳೆಸಿಕೊಂಡು, ಇಸ್ತ್ರಿ ಸೀರೆ ಉಡಿಸಿಕೊಂಡು, ಎರಡು ಸೀರೆ, ಮಾತ್ರೆ, ಎಲೆಯಡಿಕೆ ಚೀಲವನ್ನು ಒಂದು ಬ್ಯಾಗಿಗೆ ತುಂಬಿಸಿ ದಿವಾನದ ಕೆಳಗೆ ಇಡಿಸಿಕೊಂಡಿರುತ್ತಾರೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಕೈ ಊರಿ ಏಳಲು ನೋಡುತ್ತಾರೆ.

"ಇವತ್ ಹೋಗೋಣ್ವಾ?"

ಒಂದು ಸಲ ನೇರವಾಗಿ, ಎಂದಿಗೂ ಇಲ್ಲ ಅಂದುಬಿಟ್ಟರೆ ಅವರು ಬ್ಯಾಗು ತುಂಬಿಸುವುದನ್ನು ನಿಲ್ಲಿಸಿಬಿಡಬಹುದು. ಅದು ನನಗೆ ಗೊತ್ತು. "ಇವತ್ತಲ್ಲ ಅತ್ತೆ" ಅನ್ನುತ್ತೇನೆ. ಪಕ್ಕದಲ್ಲಿ ಕೂತು ಮೋಸಂಬಿ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಬಾಯಿಗೆ ಕೊಡುತ್ತೇನೆ. ಅವರು ತಿನ್ನುತ್ತಾರೆ. ಹುಳಿಯಾಗಿದ್ದರೆ ಮುಖ ಕಿವುಚುತ್ತಾರೆ, ಆದರೆ ಉಗುಳುವುದಿಲ್ಲ.